ಓಡಿದ್ದು ಇಂದು, ನೋವು ನಾಳೆ

ಶಾಲೆಯಲ್ಲಿ ಕ್ರೀಡಾಕೂಟದ ದಿನ ಗೊತ್ತಾಯಿತೆಂದರೆ, ಅಲ್ಲಿಯವರೆಗೆ ಬಸ್ಸು ಹಿಡಿಯಲು ಕೂಡ ಓಡದಿದ್ದ ಮಕ್ಕಳು ಇದ್ದಕ್ಕಿದ್ದಂತೆ ಬೆಳಗಿನ ಐದೂವರೆಗೆ ಎದ್ದು ಮೈದಾನಕ್ಕೆ ಹೊರಡುತ್ತಾರೆ. ಪೊಲೀಸ್ ಕೆಲಸಕ್ಕೋ ಸೇನೆಗೋ ಸೇರಬೇಕೆಂದಿರುವ ಹುಡುಗರು 1600 ಮೀಟರ್ ಓಟದ ಪರೀಕ್ಷೆಗೆಂದು ಊರಾಚೆಯ ರಸ್ತೆಯಲ್ಲಿ ಓಡಲಾರಂಭಿಸುತ್ತಾರೆ. ಸಕ್ಕರೆ ಕಾಯಿಲೆಯ ಭಯ ಹುಟ್ಟಿದ ಅಪ್ಪಂದಿರೂ ಹೊಸ ಬೂಟು ಕೊಂಡು ಮಕ್ಕಳ ಜೊತೆ ಹೊರಡುವುದುಂಟು. ಮೊದಲ ದಿನ ಉತ್ಸಾಹಕ್ಕೆ ಕೊನೆಯಿಲ್ಲ. ಮೈದಾನಕ್ಕೆ ನಾಲ್ಕು ಸುತ್ತು ಹಾಕಿ, ಬೆವರು ಸುರಿಸಿ, ಮನೆಗೆ ಬಂದು ಎರಡು ದೋಸೆ ಹೆಚ್ಚಾಗಿಯೇ ತಿನ್ನುತ್ತಾರೆ. ಕಾಲಿಗೆ ಏನೂ ಆಗಿರುವುದಿಲ್ಲ.

ಪಜೀತಿ ಶುರುವಾಗುವುದು ಮರುದಿನ ಬೆಳಿಗ್ಗೆ. ಹಾಸಿಗೆಯಿಂದ ಏಳುವಾಗಲೇ ತೊಡೆ ಬಿಗಿದುಕೊಂಡಿರುತ್ತದೆ. ಮೀನಖಂಡವನ್ನು ಮುಟ್ಟಿದರೆ ನೋವು. ಮಹಡಿಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕು. ಕುಕ್ಕರುಗಾಲಿನಲ್ಲಿ ಕುಳಿತರೆ ಏಳಲು ಯಾರಾದರೂ ಕೈ ಕೊಡಬೇಕು. ಮನೆಯಲ್ಲಿ ಆಗ ಒಬ್ಬೊಬ್ಬರದು ಒಂದೊಂದು ಮಾತು. ‘ನರ ಹಿಡ್ಕೊಂಡಿದೆ, ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕು’ ಎನ್ನುತ್ತಾರೆ ಅಜ್ಜಿ. ‘ಆ್ಯಸಿಡ್ ಸೇರ್ಕೊಂಡಿದೆ ಕಣೋ, ಇನ್ನೂ ಜೋರಾಗಿ ಓಡಿದ್ರೆ ಹೋಗುತ್ತೆ’ ಎನ್ನುತ್ತಾನೆ ಗೆಳೆಯ. ‘ಮೈಗೆ ಒಗ್ಗದ ಕೆಲಸ ನಿನಗ್ಯಾಕೆ, ಕೂತು ಓದ್ಕೋ’ ಎನ್ನುತ್ತಾರೆ ಅಪ್ಪ. ಮೂರನೆಯ ದಿನ ಬೂಟು ಮೂಲೆ ಸೇರುತ್ತದೆ.

ಹೀಗೆ ಓಟ ಬಿಟ್ಟವರು ಬಿಡಬಾರದ ಹೊತ್ತಿನಲ್ಲೇ ಬಿಟ್ಟಿರುತ್ತಾರೆ. ಇನ್ನು ಕೆಲವರು ‘ನೋವು ಇದ್ದದ್ದೇ’ ಎಂದು ಹಲ್ಲು ಕಚ್ಚಿ ಓಡಿ, ನಿಲ್ಲಿಸಲೇಬೇಕಾಗಿದ್ದ ನೋವನ್ನು ಮೂಳೆಯ ಬಿರುಕಿನವರೆಗೂ ಬೆಳೆಸಿಕೊಳ್ಳುತ್ತಾರೆ. ಎರಡೂ ತಪ್ಪಿಗೆ ಕಾರಣ ಒಂದೇ. ಯಾವ ನೋವು ಎಲ್ಲಿಂದ ಬಂತು ಎಂಬುದು ತಿಳಿದಿರುವುದಿಲ್ಲ. ಪ್ರೌಢಶಾಲೆಯ ವಿಜ್ಞಾನ ಓದಿದವರಿಗೆ ಇದನ್ನು ತಿಳಿಯುವುದು ಕಷ್ಟವೇನಲ್ಲ.

ನೋವಿಗೂ ಒಂದು ವೇಳಾಪಟ್ಟಿ

ಕಾಲುನೋವಿನಲ್ಲಿ ಮೊದಲು ಗಮನಿಸಬೇಕಾದದ್ದು ಅದು ಬಂದ ಹೊತ್ತು. ಜೋರಾಗಿ ಓಡುವಾಗ ತೊಡೆಯಲ್ಲಿ ಉರಿ ಕಾಣಿಸಿಕೊಂಡು, ನಿಂತ ಕೆಲವೇ ನಿಮಿಷಗಳಲ್ಲಿ ಇಳಿದುಹೋದರೆ ಅದು ದಣಿವಿನ ಉರಿ. ಓಡುತ್ತಿರುವಾಗಲೇ ಚಾಟಿಯಿಂದ ಹೊಡೆದಂತೆ ಛಳಕ್ಕೆಂದು ನೋವು ಬಂದು ಕಾಲು ಎತ್ತಿಡಲಾಗದಿದ್ದರೆ ಅದು ಸ್ನಾಯು ಹರಿದಿರುವುದರ ಸೂಚನೆ. ರಾತ್ರಿ ನಿದ್ದೆಯಲ್ಲಿ ಮೀನಖಂಡ ಗಂಟುಕಟ್ಟಿದಂತೆ ಹಿಡಿದುಕೊಂಡು, ಪಾದವನ್ನು ಮೇಲಕ್ಕೆ ಬಾಗಿಸಿದಾಗ ಬಿಟ್ಟುಕೊಂಡರೆ ಅದು ಸೆಳೆತ. ಮರುದಿನದ ನೋವು ಈ ಮೂರೂ ಅಲ್ಲ.

ಹೊಸದಾಗಿ ಓಡಿದ 12ರಿಂದ 24 ಗಂಟೆಗಳ ನಂತರ ಅದು ನಿಧಾನವಾಗಿ ತಲೆಯೆತ್ತುತ್ತದೆ. ಎರಡನೆಯ ಅಥವಾ ಮೂರನೆಯ ದಿನ ಅತಿ ಹೆಚ್ಚಾಗಿರುತ್ತದೆ. ಆಮೇಲೆ ತಾನಾಗಿಯೇ ಇಳಿದು, ಐದರಿಂದ ಏಳು ದಿನಗಳೊಳಗೆ ಗುರುತಿಲ್ಲದಂತೆ ಹೋಗುತ್ತದೆ. ಸಾಮಾನ್ಯವಾಗಿ ಎರಡೂ ಕಾಲುಗಳಲ್ಲಿ ಹೆಚ್ಚುಕಡಿಮೆ ಸಮನಾಗಿರುತ್ತದೆ. ಯಾವುದೋ ಒಂದು ಬಿಂದುವಿನಲ್ಲಿ ಚುಚ್ಚದೆ ಇಡೀ ಸ್ನಾಯುವಿನಲ್ಲಿ ಹರಡಿರುತ್ತದೆ. ಸುಮ್ಮನೆ ಕುಳಿತರೆ ನೋವು ಅಷ್ಟಾಗಿ ಇರುವುದಿಲ್ಲ. ಅಲುಗಾಡಿದರೆ, ಒತ್ತಿದರೆ ಗೊತ್ತಾಗುತ್ತದೆ. ವೈದ್ಯಕೀಯದಲ್ಲಿ ಇದಕ್ಕೆ ‘ತಡವಾಗಿ ಬರುವ ಸ್ನಾಯುನೋವು’ ಎಂಬರ್ಥದ ಹೆಸರಿದೆ. ಆ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಡಾಮ್ಸ್’ ಎಂದು ಕರೆಯುತ್ತಾರೆ.

ಆಮ್ಲದ ಮೇಲಿನ ಆಪಾದನೆ

ಈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂಬ ಮಾತು ವ್ಯಾಯಾಮಶಾಲೆಗಳಲ್ಲಿ, ಮೈದಾನಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅದಕ್ಕೆ ಒಂದು ಇತಿಹಾಸವೂ ಇದೆ. 1907ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಫ್ಲೆಚರ್ ಮತ್ತು ಹಾಪ್ಕಿನ್ಸ್ ಎಂಬ ವಿಜ್ಞಾನಿಗಳು ಕಪ್ಪೆಯ ಸ್ನಾಯುವನ್ನು ದಣಿಯುವಂತೆ ಮಾಡಿದರೆ ಅದರಲ್ಲಿ ಲ್ಯಾಕ್ಟಿಕ್ ಆಮ್ಲ ಕೂಡಿಕೊಳ್ಳುತ್ತದೆ ಎಂದು ತೋರಿಸಿದರು. ಸ್ನಾಯುವಿನಲ್ಲಿ ಶಾಖ, ಆಮ್ಲಜನಕ ಮತ್ತು ಲ್ಯಾಕ್ಟಿಕ್ ಆಮ್ಲಗಳ ಸಂಬಂಧವನ್ನು ಬಿಡಿಸಿದ ಎ.ವಿ. ಹಿಲ್ ಮತ್ತು ಆಟೊ ಮೇಯರ್‌ಹಾಫ್ ಅವರಿಗೆ 1922ರ ನೊಬೆಲ್ ಪ್ರಶಸ್ತಿ ಬಂತು. ದಣಿವಿಗೂ ಆಮ್ಲಕ್ಕೂ ನಂಟಿದೆ ಎಂದಾಗ ನೋವಿಗೂ ಅದೇ ಕಾರಣವಿರಬೇಕು ಎಂದು ಜನ ಊಹಿಸಿಕೊಂಡರು. ಊಹೆ ಪಾಠವಾಯಿತು, ಪಾಠ ನಂಬಿಕೆಯಾಯಿತು.

ಆದರೆ ಲೆಕ್ಕ ಹೊಂದುವುದಿಲ್ಲ. ವೇಗವಾಗಿ ಓಡುವಾಗ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟೇಟ್, ಓಟ ನಿಂತ ಸುಮಾರು ಒಂದು ಗಂಟೆಯೊಳಗೆ ಮಾಮೂಲಿ ಮಟ್ಟಕ್ಕೆ ಇಳಿಯುತ್ತದೆ. ಅದು ಕಸವೂ ಅಲ್ಲ. ಹೃದಯವೂ ಬೇರೆ ಸ್ನಾಯುಗಳೂ ಅದನ್ನು ಇಂಧನವಾಗಿ ಉರಿಸುತ್ತವೆ. ಉಳಿದದ್ದನ್ನು ಯಕೃತ್ತು ಮತ್ತೆ ಗ್ಲೂಕೋಸ್ ಆಗಿ ಪರಿವರ್ತಿಸುತ್ತದೆ. ಈ ಚಕ್ರವನ್ನು ಕಂಡುಹಿಡಿದ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಗಳಿಗೂ 1947ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಬೆಳಿಗ್ಗೆ ಏಳು ಗಂಟೆಗೆ ಖಾಲಿಯಾದ ವಸ್ತು ಮರುದಿನ ಏಳು ಗಂಟೆಗೆ ನೋವು ಕೊಡುವುದು ಹೇಗೆ?

1983ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ನೇರವಾಗಿಯೇ ಪರೀಕ್ಷಿಸಿದರು. ಓಟದ ಯಂತ್ರದ ಮೇಲೆ ಕೆಲವರನ್ನು ಸಮತಟ್ಟಾಗಿಯೂ ಇಳಿಜಾರಿನಲ್ಲಿಯೂ 45 ನಿಮಿಷ ಓಡಿಸಿ, ರಕ್ತದ ಲ್ಯಾಕ್ಟೇಟ್ ಅಳೆದರು. ಸಮತಟ್ಟಿನ ಓಟದಲ್ಲಿ ಲ್ಯಾಕ್ಟೇಟ್ ಏರಿತು, ಆದರೆ ಮರುದಿನ ನೋವು ಬರಲಿಲ್ಲ. ಇಳಿಜಾರಿನ ಓಟದಲ್ಲಿ ಲ್ಯಾಕ್ಟೇಟ್ ಏರಲೇ ಇಲ್ಲ, ಆದರೆ ಮರುದಿನ ಕಾಲು ನೋಯಿತು. ಆಮ್ಲ ನಿರಪರಾಧಿ ಎಂದಾಯಿತು. ಹಾಗಿದ್ದರೆ ಇಳಿಜಾರಿನಲ್ಲಿ ಅಂಥದೇನಿದೆ?

ಏರಿದರೆ ಏದುಸಿರು, ಇಳಿದರೆ ನೋವು

ಮೈಸೂರಿನ ಚಾಮುಂಡಿ ಬೆಟ್ಟದ ಸುಮಾರು ಸಾವಿರ ಮೆಟ್ಟಿಲುಗಳನ್ನು ಹತ್ತಿ, ನಡೆದೇ ಇಳಿದವರಿಗೆ ಉತ್ತರ ಅರ್ಧ ಗೊತ್ತಿದೆ. ಹತ್ತುವಾಗ ಎದೆ ಹೊಡೆದುಕೊಳ್ಳುತ್ತದೆ, ಬೆವರು ಕಿತ್ತು ಬರುತ್ತದೆ. ಇಳಿಯುವಾಗ ಉಸಿರಿಗೆ ತೊಂದರೆಯಿಲ್ಲ, ಮಾತಾಡುತ್ತಲೇ ಇಳಿಯಬಹುದು. ಆದರೆ ತಪ್ಪಲು ಮುಟ್ಟುವಷ್ಟರಲ್ಲಿ ತೊಡೆ ನಡುಗುತ್ತಿರುತ್ತದೆ. ಮರುದಿನದ ನೋವಿನಲ್ಲಿ ದೊಡ್ಡ ಪಾಲು ಆ ಸುಲಭವೆನಿಸಿದ ಇಳಿತದ್ದೇ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಹತ್ತಿಳಿದವರ ಅನುಭವವೂ ಇದೇ.

ಸ್ನಾಯು ಎರಡು ರೀತಿಯಲ್ಲಿ ದುಡಿಯುತ್ತದೆ. ಬಾವಿಯಿಂದ ತುಂಬಿದ ಕೊಡವನ್ನು ಸೇದುವಾಗ ಹಗ್ಗವನ್ನು ನಮ್ಮ ಕಡೆಗೆ ಎಳೆದುಕೊಳ್ಳುತ್ತೇವೆ. ಅದೇ ಕೊಡವನ್ನು ನಿಧಾನವಾಗಿ ಕೆಳಗಿಳಿಸಬೇಕಾದರೆ ಹಗ್ಗವನ್ನು ಬಿಗಿಹಿಡಿದುಕೊಂಡೇ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಅಂಗೈ ಉರಿಯುವುದು ಈ ಎರಡನೆಯ ಕೆಲಸದಲ್ಲಿ. ಸ್ನಾಯುವಿನ ಕಥೆಯೂ ಹಾಗೆಯೇ. ಮೆಟ್ಟಿಲು ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಗಿಡ್ಡವಾಗುತ್ತ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಮೈ ಧೊಪ್ಪನೆ ಬೀಳದಂತೆ ತಡೆಹಿಡಿಯುತ್ತದೆ. ಹಿಡಿತ ಬಿಡದೆಯೇ ಉದ್ದವಾಗುತ್ತ ಹೋಗುತ್ತದೆ. ಇದಕ್ಕೆ ‘ಎಕ್ಸೆಂಟ್ರಿಕ್’ ಕ್ರಿಯೆ ಎಂದು ಹೆಸರು.

ಈ ಕೆಲಸಕ್ಕೆ ಶಕ್ತಿ ಕಡಿಮೆ ಸಾಕು. 1952ರಲ್ಲಿ ಬ್ರಿಟನ್ನಿನ ಅಬಟ್, ಬಿಗ್‌ಲ್ಯಾಂಡ್ ಮತ್ತು ರಿಚಿ ಎಂಬ ಸಂಶೋಧಕರು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ನಿಲ್ಲಿಸಿ ಒಂದೇ ಸರಪಳಿಯಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ಪೆಡಲ್ ತುಳಿಯಬೇಕು. ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲನ್ನು ತಡೆಯುತ್ತಿರಬೇಕು. ಇಬ್ಬರ ಕಾಲಿನ ಮೇಲೂ ಬೀಳುವ ಬಲ ಒಂದೇ. ಆದರೂ ತಡೆಯುವವರಿಗೆ ಬೇಕಾದ ಆಮ್ಲಜನಕ ತುಳಿಯುವವರಿಗೆ ಬೇಕಾದದ್ದಕ್ಕಿಂತ ಬಹಳ ಕಡಿಮೆ. ತಡೆಯುವ ಕೆಲಸಕ್ಕೆ ಸ್ನಾಯುವಿನ ಕೆಲವೇ ಎಳೆಗಳು ಸಾಕಾಗುವುದು ಇದಕ್ಕೆ ಮುಖ್ಯ ಕಾರಣ. ಹೊರುವವರು ಕಡಿಮೆಯಾದರೆ ಒಬ್ಬೊಬ್ಬರ ಮೇಲಿನ ಹೊರೆ ಹೆಚ್ಚು. ಉಸಿರಿಗೆ ಸುಲಭವಾದದ್ದು ಎಳೆಗಳಿಗೆ ಕಷ್ಟವಾಗುವುದು ಹೀಗೆ.

ಬೆಟ್ಟವಿಲ್ಲದ ಬಯಲಿನಲ್ಲಿ ಓಡಿದರೂ ಈ ‘ಇಳಿತ’ ತಪ್ಪಿದ್ದಲ್ಲ. ಓಟವೆಂದರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಜಿಗಿಯುತ್ತ ಹೋಗುವುದು. ಪ್ರತಿ ಸಲ ಪಾದ ನೆಲಕ್ಕೆ ತಾಗಿದಾಗ ಮೈತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. 50 ಕಿಲೋ ತೂಕದ ಹುಡುಗನಿಗೆ ಇದು 100ರಿಂದ 150 ಕಿಲೋ ಭಾರಕ್ಕೆ ಸಮ. ಆಗ ಮೊಣಕಾಲು ತುಸು ಬಾಗುತ್ತದೆ, ತೊಡೆಯ ಸ್ನಾಯು ಹಿಗ್ಗುತ್ತಲೇ ಆ ಭಾರವನ್ನು ತಡೆಯುತ್ತದೆ. ಮೀನಖಂಡವೂ ಇದರಲ್ಲಿ ಪಾಲು ಪಡೆಯುತ್ತದೆ. ನಿಮಿಷಕ್ಕೆ 160 ಹೆಜ್ಜೆಯಂತೆ 20 ನಿಮಿಷ ಓಡಿದರೆ ಒಟ್ಟು 3200 ಹೆಜ್ಜೆ, ಅಂದರೆ ಒಂದೊಂದು ಕಾಲಿಗೂ 1600 ಸಲ ಈ ಪೆಟ್ಟು. ನಿನ್ನೆಯವರೆಗೆ ಬೆಂಚಿನ ಮೇಲೆ ಕುಳಿತಿದ್ದ ಕಾಲಿಗೆ ಇದು ಸಣ್ಣ ಕೆಲಸವಲ್ಲ.

ಎಳೆಯೊಳಗೆ ನಡೆಯುವುದೇನು?

ಸ್ನಾಯುವಿನ ಪ್ರತಿ ಎಳೆಯೊಳಗೂ ‘ಸಾರ್ಕೊಮಿಯರ್’ ಎಂಬ ಅತಿ ಸಣ್ಣ ಘಟಕಗಳು ಸರಪಳಿಯಂತೆ ಸಾಲಾಗಿ ಜೋಡಿಸಿಕೊಂಡಿವೆ. ಒಂದೊಂದರ ಉದ್ದ ಸುಮಾರು ಎರಡು ಮೈಕ್ರೋಮೀಟರ್. ಒಂದು ಮಿಲಿಮೀಟರಿನಲ್ಲಿ 400ರಿಂದ 500 ಹಿಡಿಯುತ್ತವೆ. ಅದರೊಳಗೆ ಆ್ಯಕ್ಟಿನ್ ಮತ್ತು ಮಯೊಸಿನ್ ಎಂಬ ಎರಡು ಬಗೆಯ ಪ್ರೋಟೀನು ತಂತುಗಳಿವೆ. ಹಗ್ಗಜಗ್ಗಾಟದ ತಂಡ ಹಗ್ಗ ಎಳೆಯುವಂತೆ ಮಯೊಸಿನ್ನಿನ ‘ಕೈಗಳು’ ಆ್ಯಕ್ಟಿನ್ನನ್ನು ಹಿಡಿದು ಎಳೆಯುತ್ತವೆ. ಒಂದರ ಮೇಲೊಂದು ತಂತು ಜಾರಿ ಸ್ನಾಯು ಗಿಡ್ಡವಾಗುತ್ತದೆ ಎಂಬುದನ್ನು 1954ರಲ್ಲಿ ಎರಡು ಬೇರೆ ಬೇರೆ ತಂಡಗಳು ಏಕಕಾಲದಲ್ಲಿ ಪ್ರಕಟಿಸಿದವು.

ಹಗ್ಗಜಗ್ಗಾಟದಲ್ಲಿ ಎದುರು ತಂಡ ಬಲವಾಗಿ ಸೆಳೆದಾಗ ಹಗ್ಗ ಬಿಡದೆ ನಿಂತವರೆಲ್ಲ ಜಗ್ಗಿಹೋಗುತ್ತಾರೆ. ಸಾಲಿನಲ್ಲಿ ದುರ್ಬಲನಾದವನು ಮೊದಲು ಮುಗ್ಗರಿಸುತ್ತಾನೆ. ತಡೆಹಿಡಿಯುವ ಕೆಲಸದಲ್ಲಿ ಸಾರ್ಕೊಮಿಯರ್‌ಗಳಿಗೂ ಇದೇ ಗತಿ. ದುರ್ಬಲವಾದವು ಮಿತಿಮೀರಿ ಹಿಗ್ಗಿ, ಅವುಗಳ ಜೋಡಣೆ ಅಸ್ತವ್ಯಸ್ತವಾಗುತ್ತದೆ. ನೋವಿಗೆ ಸ್ನಾಯುವಿನೊಳಗಿನ ಸೂಕ್ಷ್ಮ ಹರಿತವೇ ಕಾರಣವಿರಬೇಕೆಂದು ಅಮೆರಿಕದ ಥಿಯೊಡರ್ ಹಫ್ 1902ರಲ್ಲೇ ಹೇಳಿದ್ದರು. ಅದನ್ನು ಕಣ್ಣಿಂದ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಾಯಿತು. 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸಂಶೋಧಕರು ಮೆಟ್ಟಿಲಿಳಿದು ಕಾಲು ನೋಯಿಸಿಕೊಂಡವರ ಸ್ನಾಯುವಿನ ಚೂರನ್ನು ಪರೀಕ್ಷಿಸಿ, ನೇರವಾಗಿರಬೇಕಾದ ಗೆರೆಗಳು ಅಲ್ಲಲ್ಲಿ ಕದಡಿಹೋಗಿರುವುದನ್ನು ಕಂಡರು.

ಹರಿತವಾದದ್ದು ಇಂದು, ನೋವು ನಾಳೆ ಏಕೆ? ಸ್ನಾಯುವಿನ ಎಳೆಯೊಳಗೆ ನೋವು ತಿಳಿಸುವ ನರದ ತುದಿಗಳಿಲ್ಲ. ಅವು ಇರುವುದು ಎಳೆಗಳ ಸುತ್ತಲಿನ ತೆಳು ಹೊದಿಕೆಯಲ್ಲಿ. ಕದಡಿದ ಜಾಗಕ್ಕೆ ದುರಸ್ತಿಗೆಂದು ರಕ್ತದಿಂದ ಬಿಳಿಕಣಗಳು ಬರುತ್ತವೆ, ನೀರಿನಂಶ ಸೇರಿ ಸಣ್ಣಗೆ ಬಾವು ಬರುತ್ತದೆ. ಅಲ್ಲಿ ಬಿಡುಗಡೆಯಾಗುವ ರಾಸಾಯನಿಕಗಳು ನರದ ತುದಿಗಳನ್ನು ಚುರುಕುಗೊಳಿಸುತ್ತವೆ. ಆಗ ಮಾಮೂಲಿ ಚಲನೆಯೂ ನೋವಾಗಿ ಕೇಳಿಸುತ್ತದೆ. ಇದಕ್ಕೆಲ್ಲ ಒಂದು ದಿನ ಹಿಡಿಯುತ್ತದೆ. ಎಷ್ಟು ನೋವಿದೆಯೋ ಅಷ್ಟೇ ಹಾನಿಯಾಗಿದೆ ಎಂಬ ನೇರ ಲೆಕ್ಕವೂ ಇಲ್ಲ. ಹೊದಿಕೆಯ ನರಗಳು ಕೆರಳಿದರೆ ಎಳೆಗೆ ಹೆಚ್ಚೇನೂ ಆಗದೆಯೂ ನೋವು ಬರಬಹುದು.

ಎರಡನೆಯ ಸಲ ಏಕೆ ಸುಲಭ?

ಮರುದಿನದ ನೋವಿನಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಮುಂದಿದೆ. ಸ್ನಾಯು ತನ್ನನ್ನು ಹಿಂದೆ ಇದ್ದಂತೆಯೇ ಕಟ್ಟಿಕೊಂಡು ಸುಮ್ಮನಾಗುವುದಿಲ್ಲ. ದುರಸ್ತಿಯ ಜೊತೆಗೆ ಮುಂದಿನ ಪೆಟ್ಟಿಗೂ ಸಿದ್ಧವಾಗುತ್ತದೆ. ಎಳೆಯ ಅಂಚಿನಲ್ಲಿ ‘ಸ್ಯಾಟಲೈಟ್ ಕೋಶ’ಗಳೆಂಬ ಮೀಸಲು ಕೋಶಗಳಿವೆ, ಅಲೆಗ್ಸಾಂಡರ್ ಮಾರೊ 1961ರಲ್ಲಿ ಇವನ್ನು ಗುರುತಿಸಿದರು. ಕಟ್ಟುವ ಕೆಲಸಕ್ಕೆ ಇವು ನೆರವಾಗುತ್ತವೆ. ಸುತ್ತಲಿನ ಹೊದಿಕೆ ಗಟ್ಟಿಯಾಗುತ್ತದೆ. ಹೊರೆಯನ್ನು ಹೆಚ್ಚು ಎಳೆಗಳಿಗೆ ಹಂಚಲು ನರಮಂಡಲ ಕಲಿಯುತ್ತದೆ. ಅದೇ ಓಟವನ್ನು ಒಂದೆರಡು ವಾರಗಳ ನಂತರ ಮತ್ತೆ ಓಡಿದರೆ ನೋವು ಮೊದಲಿನ ಅರ್ಧವೂ ಇರದಿರಬಹುದು. ಒಂದೇ ಒಂದು ಸಲದ ಶ್ರಮ ಕೊಟ್ಟ ಈ ರಕ್ಷಣೆ ಹಲವು ವಾರ ಉಳಿಯುತ್ತದೆ. ಒಂಟಿ ಲಸಿಕೆ ಹಾಕಿಸಿಕೊಂಡಂತೆ ಎನ್ನಬಹುದು.

ಮೂರನೆಯ ದಿನ ಓಟ ಬಿಟ್ಟವರ ನಷ್ಟ ಏನೆಂಬುದು ಇಲ್ಲಿ ತಿಳಿಯುತ್ತದೆ. ನೋವು ಅನುಭವಿಸಿ ಬೆಲೆ ತೆತ್ತಾಗಿದೆ; ಸಾಮಾನು ಕೈಗೆ ಬರುವ ಮುಂಚೆಯೇ ಅಂಗಡಿಯಿಂದ ಎದ್ದು ಬಂದಂತೆ. ಎರಡು ತಿಂಗಳ ನಂತರ ಮತ್ತೆ ಹುರುಪು ಬಂದು ಓಡಿದರೆ ಮತ್ತೆ ಅದೇ ನೋವು, ಮತ್ತೆ ಅದೇ ಮೂರನೆಯ ದಿನ. ‘ನಮ್ಮ ಮಗನಿಗೆ ಓಟ ಆಗಿಬರುವುದಿಲ್ಲ’ ಎಂಬ ತೀರ್ಮಾನಕ್ಕೆ ಬರಲು ಅಷ್ಟು ಸಾಕಾಗುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ನೋವಿರುವ ದಿನಗಳಲ್ಲಿ ಸ್ನಾಯುವಿನ ಬಲವೂ ಕುಗ್ಗಿರುತ್ತದೆ. ಕ್ರೀಡಾಕೂಟಕ್ಕೆ ಇನ್ನು ಮೂರು ದಿನವಿದೆ ಎನ್ನುವಾಗ ಅಭ್ಯಾಸ ಆರಂಭಿಸಿ ಮೈಮುರಿದು ಓಡಿದ ವಿದ್ಯಾರ್ಥಿ, ಏನೂ ಅಭ್ಯಾಸ ಮಾಡದಿದ್ದಾಗ ಇದ್ದುದಕ್ಕಿಂತ ದುರ್ಬಲವಾದ ಕಾಲುಗಳೊಂದಿಗೆ ಓಟದ ಗೆರೆಯ ಮೇಲೆ ನಿಲ್ಲುತ್ತಾನೆ. ಪರೀಕ್ಷೆಯ ಹಿಂದಿನ ರಾತ್ರಿ ಓದುವವರಿಗೆ ಒಂದೆರಡು ಅಂಕವಾದರೂ ಸಿಕ್ಕೀತು. ಓಟದಲ್ಲಿ ಅದೂ ಇಲ್ಲ.

ಮಕ್ಕಳಿಗೆ ಸಮಾಧಾನ ತರುವ ಒಂದು ವಿಷಯವೆಂದರೆ, ಚಿಕ್ಕ ವಯಸ್ಸಿನವರಲ್ಲಿ ಈ ನೋವು ದೊಡ್ಡವರಿಗಿಂತ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಒಟ್ಟಿಗೆ ಓಡಿದ ಅಪ್ಪ ಮಗನಲ್ಲಿ ಮರುದಿನ ಹೆಚ್ಚು ನರಳುವವರು ಅಪ್ಪನೇ ಆಗಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಮಾಡಿ ನೋಡಿ

ಏರುವುದಕ್ಕೂ ಇಳಿಯುವುದಕ್ಕೂ ಇರುವ ವ್ಯತ್ಯಾಸವನ್ನು ಒಂದೇ ದೇಹದಲ್ಲಿ ತೋರಿಸುವ ಸುಲಭ ಪ್ರಯೋಗವೊಂದಿದೆ. 1983ರಲ್ಲಿ ಬ್ರಿಟನ್ನಿನ ಸಂಶೋಧಕರು ಇದೇ ಉಪಾಯವನ್ನು ಬಳಸಿದ್ದರು. ಮನೆಯ ಗಟ್ಟಿಯಾದ ಒಂದು ಮೆಟ್ಟಿಲಿನ ಮುಂದೆ ನಿಲ್ಲಬೇಕು. ಹತ್ತುವಾಗ ಯಾವಾಗಲೂ ಬಲಗಾಲನ್ನು ಮೊದಲು ಮೇಲಿಡಬೇಕು, ಆಮೇಲೆ ಎಡಗಾಲು. ಹಿಂದಕ್ಕೆ ಇಳಿಯುವಾಗಲೂ ಬಲಗಾಲನ್ನೇ ಮೊದಲು ಕೆಳಗಿಡಬೇಕು, ಆಮೇಲೆ ಎಡಗಾಲು. ಗೋಡೆ ಹಿಡಿದುಕೊಂಡು ಐದು ನಿಮಿಷ ಹೀಗೆ ಮಾಡಿದರೆ ಸಾಕು.

ಇಲ್ಲಿ ಮೈಯನ್ನು ಮೇಲೆತ್ತುವ ಕೆಲಸವೆಲ್ಲ ಬಲಗಾಲಿನದು. ತಡೆಹಿಡಿದು ಇಳಿಸುವ ಕೆಲಸವೆಲ್ಲ ಮೆಟ್ಟಿಲಿನ ಮೇಲೆಯೇ ಉಳಿಯುವ ಎಡಗಾಲಿನದು. ಮಾಡುವಾಗ ಬಲಗಾಲು ಹೆಚ್ಚು ದಣಿದಂತೆ ಅನ್ನಿಸುತ್ತದೆ. ಮರುದಿನ ಯಾವ ತೊಡೆ ನೋಯುತ್ತದೆ ಎಂದು ಮೊದಲೇ ಊಹಿಸಿ ಬರೆದಿಟ್ಟುಕೊಂಡು ನೋಡಬೇಕು. ನೋವು ಬಂದರೆ ಅದು ಎಡದಲ್ಲಿ ಬರುತ್ತದೆ. ಮೊಣಕಾಲಿನ ತೊಂದರೆ ಇರುವವರೂ ವಯಸ್ಸಾದವರೂ ಈ ಪ್ರಯೋಗಕ್ಕೆ ಹೋಗಬಾರದು.

ಶುರು ಮಾಡುವ ಕ್ರಮ

ನೋವನ್ನು ಪೂರ್ತಿ ತಪ್ಪಿಸಲಾಗದಿದ್ದರೂ ಕಡಿಮೆ ಮಾಡಿಕೊಳ್ಳಬಹುದು. ಅದಕ್ಕೆ ಇರುವ ಒಂದೇ ಖಚಿತವಾದ ದಾರಿ ಎಂದರೆ ಸ್ವಲ್ಪದರಿಂದ ಆರಂಭಿಸುವುದು. ಮೊದಲ ಎರಡು ವಾರ ದಿನ ಬಿಟ್ಟು ದಿನ ಓಡಬೇಕು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಏಳು ಸಲ ಮಾಡಿದರೆ 21 ನಿಮಿಷವಾಗುತ್ತದೆ. ಪಕ್ಕದವರೊಂದಿಗೆ ಮಾತಾಡಲು ಸಾಧ್ಯವಾಗುವಷ್ಟೇ ವೇಗ ಸಾಕು. ಮೂರನೆಯ ವಾರದಿಂದ ಓಟದ ನಿಮಿಷ ಹೆಚ್ಚಿಸುತ್ತ, ನಡಿಗೆಯ ನಿಮಿಷ ತಗ್ಗಿಸುತ್ತ ಹೋದರೆ ಎಂಟು ವಾರಗಳ ಹೊತ್ತಿಗೆ 20 ನಿಮಿಷ ನಿಲ್ಲದೆ ಓಡಲು ಬಹುಪಾಲು ಮಂದಿಗೆ ಆಗುತ್ತದೆ. ವೇಗದ ಚಿಂತೆ ಅದರ ನಂತರ. 1600 ಮೀಟರ್ ಪರೀಕ್ಷೆಗೆ ಸಿದ್ಧವಾಗುವವರು ಮೂರು ತಿಂಗಳಾದರೂ ಮುಂಚೆ ಆರಂಭಿಸುವುದು ಒಳ್ಳೆಯದು. ಉಸಿರು ಬೇಗ ಪಳಗುತ್ತದೆ. ಸ್ನಾಯು ಅದರ ಹಿಂದೆ ಬರುತ್ತದೆ. ಸ್ನಾಯುರಜ್ಜು ಮತ್ತು ಮೂಳೆಗಳು ಗಟ್ಟಿಯಾಗಲು ಇನ್ನೂ ಹೆಚ್ಚು ಕಾಲ ಬೇಕು. ‘ಉಸಿರು ಹಿಡಿಯುತ್ತಿಲ್ಲ, ಇನ್ನೂ ಓಡಬಲ್ಲೆ’ ಎನ್ನಿಸುವ ಮೂರನೆಯ, ನಾಲ್ಕನೆಯ ವಾರದಲ್ಲೇ ಅನೇಕರು ಏಟು ಮಾಡಿಕೊಳ್ಳುವುದು ಇದರಿಂದಲೇ.

ಒಂದು ಸಲಕ್ಕೆ ಒಂದೇ ಬದಲಾವಣೆ ಇರಲಿ. ದೂರ, ವೇಗ, ಇಳಿಜಾರು, ಪಾದರಕ್ಷೆ ಎಲ್ಲವನ್ನೂ ಒಂದೇ ವಾರ ಬದಲಿಸಬಾರದು. ಬೂಟಿನಲ್ಲಿ ಓಡುತ್ತಿದ್ದವರು ಇದ್ದಕ್ಕಿದ್ದಂತೆ ಬರಿಗಾಲಿನಲ್ಲಿ, ಮುಂಗಾಲಿನ ಮೇಲೆ ಓಡತೊಡಗಿದರೆ ಮೀನಖಂಡದ ಮೇಲಿನ ಹೊರೆ ಹೆಚ್ಚುತ್ತದೆ. ಚಿಕ್ಕಂದಿನಿಂದ ಬರಿಗಾಲಿನಲ್ಲೇ ಓಡಿ ಬೆಳೆದವರಿಗೆ ಆ ತೊಂದರೆಯಿಲ್ಲ.

ನೋವು ಬಂದ ದಿನ ಹಾಸಿಗೆ ಹಿಡಿಯಬೇಕಾಗಿಲ್ಲ. ಅರ್ಧ ಗಂಟೆ ನಡೆದರೆ, ಸೈಕಲ್ ತುಳಿದರೆ ರಕ್ತ ಓಡಾಡಿ ಹಾಯೆನಿಸುತ್ತದೆ. ಬಿಸಿನೀರಿನ ಸ್ನಾನವೂ ಆರಾಮ ಕೊಡುತ್ತದೆ. ಅಜ್ಜಿಯ ಎಣ್ಣೆ ಹಚ್ಚುವಿಕೆಯೂ ಒಳ್ಳೆಯದೇ. ಹದವಾಗಿ ನೀವಿದರೆ ನೋವು ಸ್ವಲ್ಪ ತಗ್ಗುತ್ತದೆ. ಆದರೆ ಬಾವು ಬಂದ ಸ್ನಾಯುವನ್ನು ಹಿಂಡಿ ಹಿಪ್ಪೆ ಮಾಡುವಂತೆ ತಿಕ್ಕಬಾರದು. ಓಟಕ್ಕೆ ಮುಂಚೆ ಅಥವಾ ಆಮೇಲೆ ಕಾಲನ್ನು ಹಿಗ್ಗಿಸಿ ಹಿಡಿಯುವ ವ್ಯಾಯಾಮದಿಂದ ಮರುದಿನದ ನೋವು ತಪ್ಪುತ್ತದೆ ಎಂಬ ನಂಬಿಕೆಯಿದೆ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಅದರ ಪ್ರಯೋಜನ ಲೆಕ್ಕಕ್ಕೆ ಬಾರದಷ್ಟು ಅಲ್ಪ ಎಂದು ತಿಳಿದುಬಂದಿದೆ. ಮೊದಲ ಐದು ನಿಮಿಷ ಬಿರುಸಾಗಿ ನಡೆದು ಮೈ ಬಿಸಿ ಮಾಡಿಕೊಳ್ಳುವುದು ಅದಕ್ಕಿಂತ ಮೇಲು.

ದುರಸ್ತಿಗೆ ಬೇಕಾದ ಸಾಮಗ್ರಿ ಅಡುಗೆಮನೆಯಲ್ಲೇ ಇದೆ. ಬೇಳೆ, ಕಾಳು, ಹಾಲು, ಮೊಸರು, ಮೊಟ್ಟೆ ಇವುಗಳ ಪ್ರೋಟೀನು ಸಾಕು. ಡಬ್ಬಿಯ ದುಬಾರಿ ಪುಡಿ ಬೇಕಾಗಿಲ್ಲ. ಗಾಢನಿದ್ದೆಯಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುತ್ತದೆ. ರಾತ್ರಿ ಹನ್ನೆರಡರವರೆಗೆ ಓದಿಸಿ ಐದಕ್ಕೆ ಎಬ್ಬಿಸಿ ಓಡಿಸುವ ಪಾಲಕರು ಇದನ್ನು ನೆನಪಿಡಬೇಕು.

ನೋವಿನ ಮಾತ್ರೆ ನುಂಗಿ ಓಡುವುದಂತೂ ಕೂಡದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲವು. ನಿಲ್ಲು ಎಂದು ಹೇಳಬೇಕಾದ ನೋವಿನ ಬಾಯನ್ನೂ ಅವು ಕಟ್ಟುತ್ತವೆ.

ಇದು ಆ ನೋವಲ್ಲ

ಕೆಲವು ನೋವುಗಳನ್ನು ಸಹಿಸಬಾರದು. ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಒಂದೇ ಬೆರಳಿನಿಂದ ‘ಇಲ್ಲೇ’ ಎಂದು ತೋರಿಸಬಹುದಾದ ನೋವು, ಓಡಿದಷ್ಟೂ ಹೆಚ್ಚಿ ರಾತ್ರಿಯೂ ಕಾಡುವ ನೋವು ಮೂಳೆಯ ಸೂಕ್ಷ್ಮ ಬಿರುಕಿನದಿರಬಹುದು. ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಸ್ನಾಯುರಜ್ಜು ಅಂಟಿಕೊಂಡಿರುವ ಜಾಗದ ಮೂಳೆ ಇನ್ನೂ ಮೃದುವಾಗಿರುತ್ತದೆ. 10ರಿಂದ 15 ವರ್ಷದವರಲ್ಲಿ ಮಂಡಿಚಿಪ್ಪಿನ ಸ್ವಲ್ಪ ಕೆಳಗೆ ನೋವಿನ ಗುಬ್ಬಿ ಕಾಣಿಸಿಕೊಳ್ಳುವುದುಂಟು. 1903ರಲ್ಲಿ ಆಸ್‌ಗುಡ್ ಮತ್ತು ಶ್ಲಾಟರ್ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ವಿವರಿಸಿದ ತೊಂದರೆ ಇದು. ಇನ್ನೂ ಚಿಕ್ಕವರಲ್ಲಿ ಹಿಮ್ಮಡಿಯ ಹಿಂಭಾಗ ನೋಯಬಹುದು. ಹೊರೆ ತಗ್ಗಿಸಿದರೆ ಇವು ಸಾಮಾನ್ಯವಾಗಿ ವಾಸಿಯಾಗುತ್ತವೆ. ಆದರೆ ಮಗು ಕುಂಟುತ್ತಿರುವಾಗ ‘ನೆಪ ಹೇಳಬೇಡ’ ಎಂದು ಗದರಿ ಓಡಿಸಿದರೆ ಬೆಳೆಯುತ್ತವೆ. ಒಂದೇ ಕಾಲಿನ ಮೀನಖಂಡ ಊದಿಕೊಂಡು ಬಿಸಿಯಾಗಿದ್ದರೆ, ಅದರಲ್ಲೂ ದೊಡ್ಡವರಲ್ಲಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಕಾಲುನೋವಿನೊಂದಿಗೆ ಜ್ವರವೂ ಇದ್ದರೆ ಅದು ಓಟದ ನೋವಲ್ಲ. ಮಳೆಗಾಲದಲ್ಲಿ ಡೆಂಗಿ, ಚಿಕೂನ್‌ಗುನ್ಯದ ಸಂಶಯವಿರಬೇಕು. ಡೆಂಗಿಯಲ್ಲಿ ಮೇಲೆ ಹೇಳಿದ ನೋವಿನ ಮಾತ್ರೆಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ.

ಅತ್ಯಂತ ಅಪರೂಪವಾದರೂ ಅತ್ಯಂತ ಮುಖ್ಯವಾದದ್ದು ಮೂತ್ರದ ಬಣ್ಣ. ವಿಪರೀತ ಶ್ರಮದ ನಂತರ ಸ್ನಾಯುವಿನ ಎಳೆಗಳು ದೊಡ್ಡ ಪ್ರಮಾಣದಲ್ಲಿ ಒಡೆದರೆ ಅವುಗಳೊಳಗಿನ ಮಯೊಗ್ಲೋಬಿನ್ ಎಂಬ ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿ, ಸ್ನಾಯು ಊದಿ, ಕಾಲಿನಲ್ಲಿ ಶಕ್ತಿಯೇ ಇಲ್ಲದಂತಾದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಒಯ್ಯಬೇಕು.

ಈ ಅಪಾಯ ಓಟಗಾರರಿಗೆ ಮಾತ್ರ ಎಂದುಕೊಳ್ಳಬಾರದು. ತಡವಾಗಿ ಬಂದದ್ದಕ್ಕೆ, ಮನೆಪಾಠ ಬರೆಯದ್ದಕ್ಕೆ ಮಕ್ಕಳಿಂದ ನೂರು, ಇನ್ನೂರು ಬಸ್ಕಿ ಹೊಡೆಸುವ ಪದ್ಧತಿ ಹಲವೆಡೆ ಇನ್ನೂ ಇದೆ. ಬಸ್ಕಿಯೆಂದರೆ ಪ್ರತಿ ಸಲವೂ ಮೈಯನ್ನು ತಡೆಹಿಡಿದು ಕೆಳಗಿಳಿಸುವುದು. ತೊಡೆಯ ಸ್ನಾಯುವಿಗೆ ಅತಿ ಹೆಚ್ಚು ಪೆಟ್ಟು ಕೊಡುವ ಕೆಲಸವೇ ಅದು. ಹೀಗೆ ಬಸ್ಕಿ ಹೊಡೆದ ಮಕ್ಕಳು ಮೂತ್ರಪಿಂಡದ ತೊಂದರೆಯಿಂದ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಬಸ್ಕಿಗೆ ಅದರಲ್ಲಿ ವಿನಾಯಿತಿಯಿಲ್ಲ.

ಮನೆಯವರು ಕೇಳಬೇಕಾದ ಮೂರು ಪ್ರಶ್ನೆ

ಮಗನೋ ಮಗಳೋ ಕಾಲುನೋವೆಂದು ಕುಳಿತಾಗ ಕೇಳಬೇಕಾದವು ಮೂರೇ ಪ್ರಶ್ನೆಗಳು. ನೋವು ಶುರುವಾದದ್ದು ಓಡುತ್ತಿರುವಾಗಲೋ, ಮರುದಿನವೋ? ಒಂದು ಕಾಲಿನಲ್ಲೋ, ಎರಡರಲ್ಲೂ ಇದೆಯೋ? ಬೆರಳಿಟ್ಟು ತೋರಿಸುವಂತಿದೆಯೋ, ಅಂಗೈಯಿಂದ ಸವರಿ ತೋರಿಸುವಂತಿದೆಯೋ? ಮರುದಿನ ಶುರುವಾಗಿ, ಎರಡೂ ಕಾಲಿನಲ್ಲಿದ್ದು, ಅಂಗೈಯಿಂದ ಸವರಿ ತೋರಿಸುವ ನೋವಾದರೆ, ಜೊತೆಗೆ ಜ್ವರವೂ ಮೂತ್ರದ ಬಣ್ಣದಲ್ಲಿ ಬದಲಾವಣೆಯೂ ಇಲ್ಲದಿದ್ದರೆ, ಚಿಂತಿಸಬೇಕಾಗಿಲ್ಲ. ಒಂದೆರಡು ದಿನ ನಡೆದಾಡಲಿ, ನೋವು ಇಳಿದ ಮೇಲೆ ಮೊದಲ ದಿನದ ಅರ್ಧದಷ್ಟು ಓಡಲಿ. ಉತ್ತರ ಬೇರೆಯಾದರೆ ಅಥವಾ ವಾರ ಕಳೆದರೂ ನೋವು ಇಳಿಯದಿದ್ದರೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಮೂಲೆಯಲ್ಲಿರುವ ಬೂಟನ್ನು ಐದನೆಯ ದಿನ ಮತ್ತೆ ಹಾಕಿಕೊಂಡವರಿಗೆ ಎರಡನೆಯ ವಾರದಲ್ಲಿ ಮೆಟ್ಟಿಲು ಇಳಿಯಲು ಗೋಡೆ ಬೇಕಾಗುವುದಿಲ್ಲ.